ಹೆಂಡತಿ, ಎಂಟು ಹಳೇ ಕೋಳಿ, ನಾಲ್ಕು ಹೊಸ ಕೋಳಿ

ಹಿತ್ತಲಲ್ಲಿ ಕೋಳಿ ಇರುವತನಕ ನನ್ನ ಮಾನ ಹೋಗುವುದಕ್ಕೂ, ಹೆಂಡತಿಯ ಹೆಸರು ಬೆಳೆಯುವುದಕ್ಕೂ ಬಿಡುವೇ ಇಲ್ಲ. ನಾನು ಮರಾಠಿ ಸೀಮೆಯ ಓಝರ್ ಹತ್ತಿರ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಅವಳು ಬೀದರ್ ಕಡೆಯವಳು, ಕೋಳಿಗಳ ನಡುವೆಯೇ ಬೆಳೆದವಳು.

ಬಾಗಿಲು

ನಿಫಾಡ್ ಸಂತೆಯಿಂದ ನಾಲ್ಕು ಎಳೆ ಕೋಳಿ ತಂದು ಸೀದಾ ಹಳೆಯ ಎಂಟರ ನಡುವೆ ಬಿಟ್ಟೆ. ಎರಡೇ ನಿಮಿಷಕ್ಕೆ ಪುಕ್ಕ ಹಾರತೊಡಗಿದವು. ಹೆಂಡತಿ ಓಡಿಬಂದು ಹೊಸವನ್ನು ಬುಟ್ಟಿಯೊಳಗೆ ಹಾಕಿದಳು.

“ಗುರ್ತ ಇಲ್ದವ್ರನ್ನ ಹಿಂಗ ಬಿಡ್ತಾರೇನ್ರಿ? ತಂತಿ ಜಾಳಿ ಹಾಕಿ ಬ್ಯಾರೆ ಮಾಡ್ರಿ. ಹದಿನೈದು ದಿನ ಬರೇ ಒಬ್ರ ಮಾರಿ ಒಬ್ರು ನೋಡ್ಲಿ.”

ರಜೆ ಹಾಕಿ, ಅಳತೆ ತೆಗೆದು, ಮೇಲೆ-ಕೆಳಗೆ ಎಲ್ಲೂ ಬೆರಳು ತೂರದಂತೆ ಗೂಡು ಕಟ್ಟಿದೆ. ಹೊಸ ಕೋಳಿಗಳನ್ನು ಒಳಗಿಟ್ಟು ಕೊನೆಯ ಮೂಲೆ ಬಿಗಿದು, ಎದೆಯುಬ್ಬಿಸಿ ನಿಂತೆ. ಅವಳು ನೀರಿನ ಬಟ್ಟಲು ಹಿಡಿದು ಗೂಡಿಗೆ ಒಂದು ಸುತ್ತು ಬಂದಳು.

“ಭಾರಿ ಆಗ್ಯಾದ್ರಿ. ನೀರು ಎಲ್ಲಿಂದ ಇಡ್ಲಿ?”

ಬಾಗಿಲೇ ಮರೆತಿದ್ದೆ.

“ವಿಮಾನಕ್ಕಾದ್ರೂ ಬಾಗ್ಲಾ ಇಡ್ತೀರೋ ಇಲ್ಲೋ?”

ಟ್ರೇನಿಂಗ್

ಹದಿನೈದು ದಿನದ ಮೇಲೆ ಎಲ್ಲವನ್ನೂ ಕೂಡಿಸಿದೆವು. ಏಳು ಹಳೆಯವು ಸುಮ್ಮನಿದ್ದವು. ಕಪ್ಪು ಕೋಳಿಯೊಂದು ಮಾತ್ರ ಎಲ್ಲಕ್ಕಿಂತ ಸಣ್ಣದನ್ನು ಕುಕ್ಕಿ ಕುಕ್ಕಿ ಬೆನ್ನಲ್ಲಿ ರಕ್ತ ಬರಿಸಿತು. ನಾನು ಸಣ್ಣದನ್ನು ಎತ್ತಲು ಹೋದೆ. ಹೆಂಡತಿ, “ತಪ್ಪು ಅದ್ರದೇನ್ರಿ?” ಎಂದವಳೇ ಕರಿಕೋಳಿಯನ್ನು ಹಿಡಿದು ಗೂಡಿನಲ್ಲಿ ಒಂಟಿಯಾಗಿ ಕೂಡಿಹಾಕಿದಳು.

ಮಗಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ. “ಮಮ್ಮಿ, ಕೋಳಿ ಸಸ್ಪೆಂಡ್ ಝಾಲಿ?”

“ಸಸ್ಪೆಂಡ್ ಅಲ್ಲವ್ವಾ, ಟ್ರೇನಿಂಗ್.”

ಮೂರು ದಿನ ಬಿಟ್ಟು ಹೊರಬಂದ ಕರಿಕೋಳಿ, ಹೊಸ ಜಾಗಕ್ಕೆ ಬಂದ ನೆಂಟನಂತೆ ಅಂಜುತ್ತ ಅಂಚಿನಲ್ಲಿ ನಿಂತಿತು. ಸಣ್ಣದು ತಿಂದಾದ ಮೇಲೇ ಕಾಳಿಗೆ ಬಾಯಿ ಹಾಕಿತು. ನಾನೂ ಎಷ್ಟೋ ಟ್ರೇನಿಂಗಿಗೆ ಹೋಗಿಬಂದಿದ್ದೇನೆ, ಇಷ್ಟು ಸುಧಾರಿಸಿದ್ದಿಲ್ಲ.

ವಿಡಿಯೊ ಕಾಲ್

ಸುದ್ದಿ ಸಂಭಾಜಿನಗರದಲ್ಲಿರುವ ನಾದಿನಿಗೆ ಮುಟ್ಟಿತು. ಅವಳೂ ಹೊಸ ಕೋಳಿ ತಂದಿದ್ದಳು. “ಅಕ್ಕಾ, ಇಲ್ಲಿ ಯುದ್ಧ ನಡದದ!” ಎಂದು ವಿಡಿಯೊ ಕಾಲ್ ಮಾಡಿ, ಫೋನನ್ನು ಕೋಳಿಗಳ ಎದುರೇ ಇಟ್ಟಳು. ಪಕ್ಕದಲ್ಲಿ ಅವಳ ಗಂಡ ಕುರ್ಚಿ ಹಾಕಿಕೊಂಡು ಆರಾಮಾಗಿ ತಮಾಷೆ ನೋಡುತ್ತಿದ್ದ.

ನನ್ನ ಹೆಂಡತಿ ಇಲ್ಲಿಂದಲೇ ಗುಡುಗಿದಳು: “ಏ! ತಿಂದು ತಿಂದು ಸೊಕ್ಕು ಬಂದದೇನ? ಸರಿ ಆಚಿಗೆ!”

ಅಲ್ಲಿನ ಕೋಳಿ ಬೆಚ್ಚಿಬಿದ್ದು ಹಿಂದೆ ಸರಿಯಿತು. ನನಗೆ ಎಂಥ ಹೆಮ್ಮೆ! ನಮ್ಮ ಓಣಿಗೆಲ್ಲ ಹೇಳಿಕೊಂಡು ಬಂದೆ.

ಮರುದಿನ ನಾದಿನಿಯ ಫೋನ್: “ಅಕ್ಕಾ, ಆ ಬೈಗುಳ ರೆಕಾರ್ಡ್ ಮಾಡಿ ಕಳಸು. ಕೋಳಿಗಲ್ಲ, ಅವು ತಣ್ಣಗಾಗ್ಯಾವ. ನೀ ಬೈದದ್ದು ತಮಗೇ ಅಂತ ತಿಳ್ಕೊಂಡು, ನಮ್ಮ ಯಜಮಾನ್ರು ನಿನ್ನೆಯಿಂದ ತಾವೇ ಪಾತ್ರಿ ತೊಳೀಲಿಕ್ಕತ್ಯಾರ!”