ಅರ್ಥವಾಗದಿದ್ದರೆ ಇಲ್ಲಿ ಒತ್ತಿ

ಎಲ್ಲ ಶುರುವಾದದ್ದು ಒಂದು ಹಸಿರು ಗುಂಡಿಯಿಂದ. ವೆಸ್ಟ್ ಮಾಂಬಲಂ ರೈಲು ನಿಲ್ದಾಣದ ಹಿಂದಿನ ಗಲ್ಲಿಯ ಆ ಫ್ಲ್ಯಾಟು ಕಟ್ಟಡದವರು ತಮ್ಮ ಗೇಟು, ನೀರು, ಲಿಫ್ಟು, ಜಗಳ ಎಲ್ಲವನ್ನೂ ಒಂದು ಆ್ಯಪಿನ ಕೈಗೆ ಒಪ್ಪಿಸಿ ಕೆಲವು ತಿಂಗಳಾಗಿದ್ದವು. ಆ ಆ್ಯಪು ಹಿಂದಿನ ದಿನ ಯಾರನ್ನೂ ಕೇಳದೆ ಹೊಸ ರೂಪ ತಾಳಿತ್ತು. ಬೆಳಗ್ಗೆ ಅಸೋಸಿಯೇಷನ್ನಿನ ಸೆಕ್ರೆಟರಿ ಸುಶಮೀಂದ್ರರು ಟ್ಯಾಂಕರ್ ನೀರಿನ ಪುಟ ತೆರೆದರೆ ಅಲ್ಲಿ ಹಸಿರು ಬಣ್ಣದಲ್ಲಿ ‘ಡಿಫರ್’ ಎಂಬ ಗುಂಡಿ ಕೂತಿತ್ತು. ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಒಂದು ಪ್ರಶ್ನೆ ಚಿಹ್ನೆ. ಅದನ್ನು ಒತ್ತಿದರೆ ಒಂದು ಗುಳ್ಳೆ ಎದ್ದು ಹೇಳಿತು: ‘ಡಿಫರಲ್ ಪ್ರಕ್ರಿಯೆಯನ್ನು ಆರಂಭಿಸಲು ಡಿಫರ್ ಒತ್ತಿ.’ ಸುಶಮೀಂದ್ರರು ರೈಲ್ವೆಯಲ್ಲಿ ಇಡೀ ಆಯುಷ್ಯ ಕಳೆದವರು, ಆದರೂ ಇಂಥ ಉತ್ತರ ಕಂಡವರಲ್ಲ. ಅವರು ನೆಟ್ಟಗೆ ಮೊದಲ ಮಹಡಿಗೆ ಬಂದು ಭೋಜರಾಜರ ಮನೆಯ ಬೆಲ್ ಒತ್ತಿದರು.

ಒಳಗೆ ಭೋಜರಾಜರು ಆಗ ತಾನೇ ಕಾಫಿ ಲೋಟವನ್ನು ತುಟಿಯ ಬಳಿಗೆ ಒಯ್ದಿದ್ದರು. ಬೆಲ್ಲಿನ ಸದ್ದಿಗೆ ಕಾಫಿ ಅಂಗಿಯ ಮೇಲೆ ಬಿತ್ತು. ಅವರಿಗೆ ಮೈ ಉರಿದುಹೋಯಿತು.

ಈ ಉರಿಗೆ ಕಾರಣವಿತ್ತು. ಭೋಜರಾಜರು ಒಂದು ವಿಮಾ ಕಂಪೆನಿಯಲ್ಲಿ ಕೂತು ಪಾಲಿಸಿದಾರರ ದೂರಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆದು ನಿವೃತ್ತರಾದವರು. ಅಂಥವರಿಗೆ ಗೊತ್ತಿಲ್ಲದ ಶಬ್ದ ಇರಲು ಸಾಧ್ಯವಿಲ್ಲ ಎಂದು ಫ್ಲ್ಯಾಟಿನವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಆ್ಯಪಿನಲ್ಲಿ ಯಾವ ಹೊಸ ಪದ ಕಂಡರೂ ಭೋಜರಾಜರ ಬೆಲ್ ಹೊಡೆಯುವುದು ಅಲ್ಲಿಯ ಪದ್ಧತಿ. ನಿಜ ಹೇಳಬೇಕೆಂದರೆ ಅವರಿಗೂ ಆ ಪದಗಳು ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎಂದು ಹೇಳುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ತೋಚಿದ್ದನ್ನು ಗಟ್ಟಿಯಾಗಿ ಹೇಳಿ ಕಳಿಸುತ್ತಿದ್ದರು. ಜನ ತೃಪ್ತರಾಗಿ ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು.

ಅವತ್ತೂ ಹಾಗೇ ಆಯಿತು. ಕಾಫಿಯ ಕಲೆ ಒರೆಸಿಕೊಳ್ಳುತ್ತ ಅವರು ಗುಂಡಿಯನ್ನು ಒಮ್ಮೆ ನೋಡಿ, "ಹಸಿರು ಬಣ್ಣ ಉಂಟಲ್ಲ ಮಾರಾಯ್ರೆ, ಒಳ್ಳೇದೇ ಇರ್ತದೆ. ಒತ್ತಿ, ಎಂತ ಆಗುದಿಲ್ಲ" ಎಂದರು. ಸುಶಮೀಂದ್ರರು ಒತ್ತಿ, ಧನ್ಯವಾದ ಹೇಳಿ, ಸ್ನಾನಕ್ಕೆ ಹೋದರು.

ಅವರ ಬೆನ್ನಿಗೇ ಮೇಲಿನ ಮನೆಯ ಶಿವಲಿಂಗಮ್ಮ ಇಳಿದು ಬಂದರು. ದಿನಾ ಬರುವ ಕೆಲಸದವಳ ಹೆಸರಿನ ಮುಂದೆ ‘ರಿವೋಕ್’ ಎಂದು ಆ್ಯಪು ತೋರಿಸುತ್ತಿತ್ತು. ಗುಳ್ಳೆಯನ್ನು ಕೇಳಿದರೆ ‘ರಿವೊಕೇಶನ್‌ಗೆ ಅರ್ಹವಾದ ಪ್ರವೇಶ’ ಎಂದಿತಂತೆ. ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳುವುದಕ್ಕೆ ಹಾಗೆ ಕೇಳುತ್ತದೆ ಎಂದು ಭೋಜರಾಜರು ಅಪ್ಪಣೆ ಕೊಡಿಸಿದರು. ಶಿವಲಿಂಗಮ್ಮನೂ ಒತ್ತಿದರು.

ಉಪ್ಪಿಟ್ಟು ತಟ್ಟೆಗೆ ಬೀಳುವ ಹೊತ್ತಿಗೆ ಬೆಲ್ಲು ಮತ್ತೆ ಕಿರುಚಿತು. ಈ ಸಲ ಒಬ್ಬರಲ್ಲ, ಗುಂಪು. ಮುಂದೆ ನಿಂತಿದ್ದ ಸುಶಮೀಂದ್ರರು ಸೊಂಟಕ್ಕೆ ಟವೆಲು ಸುತ್ತಿಕೊಂಡಿದ್ದರು. ತಲೆಯಿಂದ ಎದೆಯವರೆಗೆ ಸೋಪಿನ ನೊರೆ, ಒಂದು ಕಣ್ಣು ಮಾತ್ರ ತೆರೆದಿತ್ತು. ಆ ಒಂದೇ ಕಣ್ಣಿನಲ್ಲಿ ಎರಡು ಕಣ್ಣಿನ ಸಿಟ್ಟಿತ್ತು.

"ನೀವ ಒತ್ರಿ ಅಂದ್ರಿ, ನಾ ಒತ್ತಿದೆ. ಬಂದ ಟ್ಯಾಂಕರ್ ಗೇಟಿನಿಂದ ತಿರುಗಿ ಹೋಗ್ಯಾದ್ರಿ. ಇನ್ನ ನಾಳೀನೇ ಅಂತ. ಮಾರಿಗೆ ಸಾಬಾಣ ಹಚ್ಕೊಂಡು ನಿಂತೀನಿ, ನಳದಾಗ ಹನಿ ನೀರಿಲ್ಲ" ಎಂದರು.

ಶಿವಲಿಂಗಮ್ಮನ ಕತೆ ಬೇರೆ. ಅವರ ಕೆಲಸದವಳನ್ನು ವಾಚ್‌ಮನ್ ಬಾಬು ಗೇಟಿನಲ್ಲೇ ತಡೆದಿದ್ದ. ಫೋನು ಕೆಂಪು ತೋರಿಸುತ್ತಿದೆ, ಒಳಗೆ ಬಿಟ್ಟರೆ ತನ್ನ ಕೆಲಸ ಹೋಗುತ್ತದೆ ಎಂಬುದು ಅವನ ವಾದ. ಅವಳು ಇನ್ನೂ ಮೂರು ಮನೆಗೆ ಕೆಲಸಕ್ಕೆ ಬರುವವಳಾದ್ದರಿಂದ ಆ ಮೂರು ಮನೆಯವರೂ ಗುಂಪಿನಲ್ಲಿದ್ದರು. ಎಲ್ಲರ ಸಿಟ್ಟೂ ಆ್ಯಪಿನ ಮೇಲಲ್ಲ, ಭೋಜರಾಜರ ಮೇಲೆ. ಆ್ಯಪಿಗೆ ಮುಖವಿಲ್ಲ, ಭೋಜರಾಜರಿಗೆ ಇತ್ತು. ಗುಂಪಿನವರು ಅನ್ನಬೇಕಾದದ್ದನ್ನೆಲ್ಲ ಅಂದರು, ಹೋಗುವ ಮೊದಲು ಅವರಲ್ಲೊಬ್ಬರು ‘ಎಸ್ಕಲೇಟ್’ ಎಂದರೇನು ಎಂದೂ ಕೇಳಿದರು. ಭೋಜರಾಜರು ಬಾಗಿಲನ್ನು ಧಡಾರೆಂದು ಹಾಕಿದರು.

ತಿರುಗಿ ನೋಡಿದರೆ ಹೆಂಡತಿ ಊರ್ಮಿಳಾ ಮಂಚದ ಮೇಲೆ ಬ್ಯಾಗು ತೆರೆದಿಟ್ಟು ಸೀರೆ ಮಡಚುತ್ತಿದ್ದರು. ಆಕೆ ಕೂಗಾಡಿದ್ದರೆ ಭೋಜರಾಜರೂ ಕೂಗಾಡಿ ಹಗುರಾಗುತ್ತಿದ್ದರು. ಆದರೆ ಆಕೆಯ ದನಿ ತಣ್ಣಗಿತ್ತು.

"ಇದು ಮನೆಯಾ, ಎನ್‌ಕ್ವೈರಿ ಕೌಂಟರಾ ನೀವೇ ಹೇಳಿ. ಸಂಜೆಯೊಳಗೆ ಈ ಕಾಟ ನಿಲ್ಬೇಕು. ಇಲ್ದಿದ್ರೆ ನಾನು ಇವತ್ತಿನ ಮಂಗಳೂರು ಗಾಡಿಯಲ್ಲಿ ಹೊರಟೆ. ಜನರಲ್ ಬೋಗಿಯಲ್ಲಿ ನಿಂತಾದ್ರೂ ಹೋಗ್ತೇನೆ. ಅಣ್ಣನ ಮನೆಯಲ್ಲಿ ಮಳೆಗಾಲ ಮುಗಿಸಿಯೇ ಬರುದು."

ನೌಕರಿಯ ಉದ್ದಕ್ಕೂ ಭೋಜರಾಜರು ಆಫೀಸಿನ ಮೂಲೆಯಲ್ಲಿ ತಣ್ಣಗಿನ ಡಬ್ಬಿ ಊಟ ಉಂಡವರು. ನಿವೃತ್ತಿಯಾದ ಮೇಲೆ ಹೆಂಡತಿಯ ಎದುರು ಕೂತು ಬಿಸಿ ಅನ್ನಕ್ಕೆ ಸಾರು ಹಾಕಿಸಿಕೊಂಡು ನಿಧಾನವಾಗಿ ಉಣ್ಣಬೇಕು ಎಂಬುದೊಂದೇ ಅವರು ಇಟ್ಟುಕೊಂಡಿದ್ದ ಆಸೆ. ಆ ಆ್ಯಪು ಬಂದಂದಿನಿಂದ ಒಂದೇ ಒಂದು ಊಟವೂ ಮೊಸರನ್ನದವರೆಗೆ ತಲುಪಿರಲಿಲ್ಲ. ಈಗ ಬಡಿಸುವವಳೂ ಹೊರಟಿದ್ದಾಳೆ. ಅವರಿಗೆ ದುಃಖ ಬರಬೇಕಾಗಿತ್ತು, ಸಿಟ್ಟೇ ಬಂತು. ಆ ಗುಳ್ಳೆಯಲ್ಲಿ ಕೂತು ಮಾತಾಡುವ ಮಹಾನುಭಾವ ಯಾರೆಂದು ಕಣ್ಣಾರೆ ನೋಡಿ, ಮುಖದ ಮೇಲೆ ನಾಲ್ಕು ಮಾತು ಅಂದು ಬರುತ್ತೇನೆಂದು ಚಪ್ಪಲಿ ಮೆಟ್ಟಿದರು. ಆ್ಯಪಿನ ಕಂಪೆನಿ ಪೆರುಂಗುಡಿಯಲ್ಲಿತ್ತು.

ನಿಲ್ದಾಣದ ಸೇತುವೆ ದಾಟಿ, ಟಿ. ನಗರದ ಸೀರೆ ಅಂಗಡಿಗಳ ಜನಜಂಗುಳಿಯಲ್ಲಿ ಮೊಣಕೈ ಗುದ್ದಿಸಿಕೊಂಡು, ಅವರು ಬಸ್ಸು ಹತ್ತಿದರು. ಕೂರಲು ಜಾಗವಿರಲಿಲ್ಲ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಮಸೆದರು. ನಡುವೆ ಫ್ಲ್ಯಾಟಿನಿಂದ ಮೂರು ಫೋನು ಬಂತು. ಕೊನೆಯದಕ್ಕೆ ಅವರು ಎಷ್ಟು ಜೋರಾಗಿ ಉತ್ತರಿಸಿದರೆಂದರೆ ಕಂಡಕ್ಟರು ಯಾರೋ ಇಳಿಯಲು ಕೂಗಿದರೆಂದುಕೊಂಡು ಸೀಟಿ ಊದಿದ.

ಪೆರುಂಗುಡಿಯ ಗಾಜಿನ ಕಟ್ಟಡದ ಬಾಗಿಲಲ್ಲಿ ಕಾವಲುಗಾರ ಅವರ ಮುಂದೆ ಒಂದು ಟ್ಯಾಬು ಹಿಡಿದ. ಒಳಗೆ ಹೋಗಬೇಕಾದವರು ಅದರಲ್ಲಿ ಹೆಸರು ತುಂಬಬೇಕು. ಅದರಲ್ಲೂ ಪದಪದದ ಪಕ್ಕ ಪ್ರಶ್ನೆ ಚಿಹ್ನೆಗಳು. ಭೋಜರಾಜರು ಹಲ್ಲು ಕಡಿಯುತ್ತ ನಿಂತಿದ್ದಾಗ ಹಿಂದೆ ನಿಂತಿದ್ದ ಕೊರಿಯರಿನವನು ಅವರ ಬಿಳಿ ಕೂದಲು, ಕನ್ನಡಕ ನೋಡಿ, "ಸಾರ್, ಇದುಕ್ಕು ಎನ್ನ ಅರ್ಥಂ ಸಾರ್?" ಎಂದು ತಮಿಳಿನಲ್ಲಿ ಕೇಳಿ, ಟ್ಯಾಬಿನ ಒಂದು ಪದದತ್ತ ಬೆರಳು ತೋರಿಸಿದ. ಇಲ್ಲಿಯೂ ಬಿಡುವುದಿಲ್ಲವಲ್ಲ ಎಂದು ಅವರ ಪಿತ್ತ ನೆತ್ತಿಗೇರಿತು.

ಗುಳ್ಳೆ ಬರೆಯುವವನನ್ನು ಕರೆಸು ಎಂದು ಕಾವಲುಗಾರನ ಮೇಲೆ ಕೂಗಿದ್ದಕ್ಕೆ ಒಳಗಿನಿಂದ ಬಂದವಳು ಇಪ್ಪತ್ತೈದರ ಹುಡುಗಿ. ಹೆಸರು ನಿಶ್ಮಿತಾ, ಆ್ಯಪಿನ ಗುಳ್ಳೆಗಳನ್ನೆಲ್ಲ ಬರೆಯುವವಳು ತಾನೇ ಎಂದಳು. ಭೋಜರಾಜರು ಮಸೆದಿಟ್ಟದ್ದೆಲ್ಲ ಗಂಡಸಿಗೆ ಹೇಳುವ ಮಾತು, ಅದೂ ತಮಿಳಿನಲ್ಲಿ. ಇವಳು ಕರಾವಳಿಯ ಕಾಪುವಿನವಳು, ಅವರ ಮಾತಿನ ಧಾಟಿ ಕೇಳಿದ್ದೇ ಕನ್ನಡಕ್ಕೆ ಬಂದು, "ಅಂಕಲ್, ಇದನ್ನು ಓದಿ ಇಲ್ಲಿವರೆಗೆ ಬಂದವರು ನೀವೇ ಮೊದಲು. ಕೂತ್ಕೊಳ್ಳಿ, ಕಾಫಿ ತರ್ತೇನೆ" ಎಂದುಬಿಟ್ಟಳು. ಮೆಷಿನ್ನಿನ ಆ ಕಾಫಿ ಕುಡಿದ ಮೇಲೆ ಬೈಯಲು ಅವರಿಗೆ ಮತ್ತೆ ಹುರುಪು ಬಂತು.

ಬೈದರು, ಚೆನ್ನಾಗಿಯೇ ಬೈದರು. ನೊರೆ ಮೆತ್ತಿಕೊಂಡ ಸುಶಮೀಂದ್ರರನ್ನೂ ಗೇಟಿನಲ್ಲಿ ನಿಂತ ಕೆಲಸದವಳನ್ನೂ ವರ್ಣಿಸಿದರು. ಡಿಫರ್ ಅಂದರೇನೆಂದು ಕೇಳಿದವನಿಗೆ ಡಿಫರಲ್ ಎಂದು ಹೇಳುವುದು, ಹಸಿದು ಬಂದವನಿಗೆ ಖಾಲಿ ತಟ್ಟೆಯನ್ನೇ ತಿರುಗಿಸಿ ತೋರಿಸಿದ ಹಾಗೆ ಎಂದರು. ನಿಶ್ಮಿತಾ ಒಪ್ಪಿಕೊಂಡಳು. ಆ ಗುಳ್ಳೆಯಲ್ಲಿ ಒಂದು ಸಾಲಿಗಿಂತ ಹೆಚ್ಚು ಹಿಡಿಸುವುದಿಲ್ಲವಂತೆ. ಗುಂಡಿ ಏನು ಮಾಡುತ್ತದೆ ಎಂದು ಅದನ್ನು ಕಟ್ಟಿದವರನ್ನು ಕೇಳಿದರೆ, ಗುಂಡಿಯ ಮೇಲೇ ಬರೆದಿದೆಯಲ್ಲ ಎನ್ನುತ್ತಾರಂತೆ.

"ಒತ್ತುವವನಿಗೆ ಮೂರೇ ವಿಷಯ ಬೇಕಾದ್ದು ಮಗಾ. ಒತ್ತಿದ್ರೆ ಎಂತ ಆಗ್ತದೆ? ಒತ್ತದಿದ್ರೆ ಎಂತ? ತಪ್ಪಿ ಒತ್ತಿದ್ರೆ ವಾಪಸ್ ಬರ್ತದಾ ಇಲ್ವಾ? ಇದನ್ನು ಬರಿ. ಶಬ್ದದ ಬಾಲ ಹಿಡಿದು ಎಳೀಬೇಡ" ಎಂದರು ಭೋಜರಾಜರು.

ಹುಡುಗಿಯ ಕಣ್ಣು ಅರಳಿತು. ಭೋಜರಾಜರಿಗೆ ತಮ್ಮ ಮೇಲೇ ಅಭಿಮಾನ ಉಕ್ಕಿತು. ಬೆಳಗ್ಗೆ ಹಸಿರು ನೋಡಿ ಒತ್ತಿ ಎಂದವರು ತಾವೇ ಎಂಬುದು ಆ ಕ್ಷಣಕ್ಕೆ ಅವರ ನೆನಪಿನಲ್ಲಿರಲಿಲ್ಲ. ಆಗ ನಿಶ್ಮಿತಾ ಲ್ಯಾಪ್‌ಟಾಪಿನಲ್ಲಿ ಏನೋ ನೋಡಿ ಹುಬ್ಬು ಗಂಟಿಕ್ಕಿದಳು. ಊರಿನ ಎಲ್ಲ ಫ್ಲ್ಯಾಟುಗಳಿಂದಲೂ ಅರ್ಥವಾಗಲಿಲ್ಲ ಎಂದು ಕಂಪೆನಿಗೆ ದಿನವಿಡೀ ಫೋನು ಬರುತ್ತದೆ. ಭೋಜರಾಜರ ಫ್ಲ್ಯಾಟಿನಿಂದ ಮಾತ್ರ ಇದುವರೆಗೆ ಒಂದೂ ಬಂದಿಲ್ಲ. ಕಂಪೆನಿಯಲ್ಲಿ ಅದಕ್ಕೆ ಆದರ್ಶ ಫ್ಲ್ಯಾಟು ಎಂದೇ ಹೆಸರಂತೆ.

"ಹೇಗೆ ಬರ್ತದೆ? ಅವರೆಲ್ಲ ನನ್ನ ಬೆಲ್ ಒತ್ತುತ್ತಾರಲ್ಲ" ಎಂದರು ಭೋಜರಾಜರು.

ನಿಶ್ಮಿತಾ ಓಡಿಹೋಗಿ ತನ್ನ ಮ್ಯಾನೇಜರನ್ನು ಕರೆತಂದಳು. ಅವನ ಹೆಸರು ರಜತ್. ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಬಹಳ ಮರ್ಯಾದೆಯಿಂದ ವಿಚಾರಿಸಿದ. ಜನ ಏನೇನು ಕೇಳುತ್ತಾರೆ, ತೃಪ್ತಿಯಿಂದ ಹೋಗುತ್ತಾರೆಯೇ, ಭೋಜರಾಜರಿಗೆ ತಮಿಳು, ಕನ್ನಡ, ಇಂಗ್ಲಿಷ್ ಮೂರೂ ಬರುತ್ತದೆಯೇ. ನೌಕರಿಯ ಕಾಲದಲ್ಲಿ ಯಾವ ಮೇಲಧಿಕಾರಿಯೂ ಅವರನ್ನು ಇಷ್ಟು ಕೇಳಿರಲಿಲ್ಲ. ಮೂರೂ ಬರುತ್ತದೆ, ಜೊತೆಗೆ ತುಳುವೂ ಬರುತ್ತದೆ ಎಂದರು. ಕೊನೆಗೆ ರಜತ್ ಟ್ಯಾಬನ್ನು ಮುಂದೆ ಚಾಚಿ, ಇಂಥ ಅಮೂಲ್ಯ ಸಲಹೆ ಕೊಟ್ಟವರ ಒಪ್ಪಿಗೆ ಇರಲಿ ಎಂದ. ಪರದೆಯ ಮೇಲೆ ಇರುವೆ ಸಾಲಿನಂತೆ ಅಕ್ಷರ, ಕೆಳಗೆ ಹಸಿರು ಗುಂಡಿ. ಭೋಜರಾಜರಿಗೆ ಮನೆಗೆ ಹೋಗುವ ತವಕ, ಒತ್ತಿದರು.

"ಇವತ್ತು ಸಂಜೆಯಿಂದ ನಿಮ್ಮ ಮನೆ ಬೆಲ್ ಯಾರೂ ಒತ್ತಲ್ಲ ಸರ್, ಅದಕ್ಕೆ ನಾನು ಜವಾಬ್ದಾರಿ" ಎಂದ ರಜತ್.

ಮನೆಗೆ ಬಂದ ಭೋಜರಾಜರು ಯುದ್ಧ ಗೆದ್ದವರ ಹಾಗೆ ಎದೆ ಸೆಟೆಸಿಕೊಂಡು ಬ್ಯಾಗು ಖಾಲಿ ಮಾಡಲು ಹೇಳಿದರು. ಊರ್ಮಿಳಾ ನಂಬಲಿಲ್ಲ, ಬ್ಯಾಗನ್ನು ಮಂಚದ ಮೇಲೇ ಬಿಟ್ಟರು. ಸಂಜೆಯಾಯಿತು. ಆ್ಯಪು ಮತ್ತೊಮ್ಮೆ ಹೊಸ ರೂಪ ತಾಳಿದ್ದನ್ನು ಭೋಜರಾಜರು ನೋಡಿದರು. ಬೆಲ್ಲು ಹೊಡೆಯಲಿಲ್ಲ. ಸುಶಮೀಂದ್ರರು ಫೋನು ದಿಟ್ಟಿಸುತ್ತ ಮೆಟ್ಟಿಲು ಹತ್ತಿ ಬಂದವರು ಬಾಗಿಲ ಮುಂದೆ ನಿಲ್ಲದೆ ಹಾದುಹೋದರು. ಊರ್ಮಿಳಾ ಅದನ್ನು ಕಿಟಕಿಯಿಂದ ಕಂಡು, ಒಳಗೆ ಹೋಗಿ, ಸೀರೆಗಳನ್ನು ಕಪಾಟಿನಲ್ಲಿ ಇಟ್ಟರು. ಬಿಂದಿಗೆಯಲ್ಲಿ ಹಿಡಿದಿಟ್ಟಿದ್ದ ನೀರಿನಲ್ಲೇ ಅಡುಗೆ ಮಾಡಿ, ಹೊತ್ತಿಗೆ ಮುಂಚೆಯೇ ಎಲೆ ಹಾಕಿದರು. ಬಿಸಿ ಅನ್ನ, ತೊವ್ವೆ, ಸಾರು, ಬೆಂಡೆಕಾಯಿ ಪಲ್ಯ. ಸಾರಿನ ಅನ್ನ ಮುಗಿಯಿತು. ತಿಂಗಳುಗಳ ನಂತರ ಮೊಸರಿನ ಪಾತ್ರೆ ಎಲೆಯ ಹತ್ತಿರ ಬಂತು. ಭೋಜರಾಜರ ಕಣ್ಣು ನಿಜವಾಗಿಯೂ ಒದ್ದೆಯಾಯಿತು.

ಆಗ ಫೋನು ರಿಂಗಾಯಿತು.

ಗೊತ್ತಿಲ್ಲದ ನಂಬರು. ಅಣ್ಣಾ ನಗರದ ಯಾರೋ ಹೆಂಗಸು, ‘ರಿಕನ್ಸೈಲ್’ ಎಂದರೇನು ಎಂದು ಕೇಳಿದಳು. ರಾಂಗ್ ನಂಬರ್ ಎಂದು ಇಟ್ಟರು. ಮತ್ತೆ ಬಂತು, ಈಗ ತಾಂಬರಂನಿಂದ. ಅದರ ಹಿಂದೆಯೇ ವೇಳಚೇರಿಯಿಂದ. ಮೊಸರು ಕಲಸಿದ ಕೈಯನ್ನು ಎತ್ತಿ ಹಿಡಿದು ಭೋಜರಾಜರು ವೇಳಚೇರಿಯವನ ಮೇಲೆ ಹರಿಹಾಯ್ದು, ತಮ್ಮ ನಂಬರು ಕೊಟ್ಟವರಾರು ಎಂದು ಕೇಳಿದರು. ಅವನು ಪಾಪದವನು. ಆ್ಯಪಿನಲ್ಲಿ ಯಾವ ಪ್ರಶ್ನೆ ಚಿಹ್ನೆ ಒತ್ತಿದರೂ ಹಳೆಯ ಗುಳ್ಳೆಯ ಬದಲು ‘ಅರ್ಥವಾಗಲಿಲ್ಲವೇ? ಭೋಜರಾಜ ಅಂಕಲ್‌ರನ್ನು ಕೇಳಿ’ ಎಂದು ಬರುತ್ತದೆ, ಜೊತೆಗೆ ತಾನಾಗಿಯೇ ಕರೆಯೂ ಹೋಗುತ್ತದೆ ಎಂದ.

ಫೋನಿನಲ್ಲಿ ನಿಶ್ಮಿತಾಳ ಸಂದೇಶವೊಂದು ಆಗಲೇ ಬಂದು ಕೂತಿತ್ತು. ಆದರ್ಶ ಫ್ಲ್ಯಾಟಿನಲ್ಲಿ ಜನ ಗುಳ್ಳೆ ಓದುವುದೇ ಇಲ್ಲ, ನಿಮ್ಮನ್ನು ಕೇಳುತ್ತಾರೆ, ತೃಪ್ತರಾಗಿ ಹೋಗುತ್ತಾರೆ. ನಮ್ಮಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡಿದ ವಿವರಣೆ ಬೇರೆ ಇಲ್ಲ ಅಂಕಲ್, ಅದಕ್ಕೇ ಎಲ್ಲ ಫ್ಲ್ಯಾಟುಗಳಿಗೂ ನಿಮ್ಮನ್ನೇ ಹಾಕಿದ್ದೇವೆ, ಒಪ್ಪಿಗೆ ಕೊಟ್ಟದ್ದಕ್ಕೆ ಥ್ಯಾಂಕ್ಸ್ ಎಂದು ಬರೆದಿದ್ದಳು. ಓದಿ ಮುಗಿಸುವ ಮೊದಲೇ ಇನ್ನೊಂದು ಕರೆ. ಶಿವಲಿಂಗಮ್ಮನ ದನಿ ಫೋನಿನಲ್ಲಿಯೂ ಮೇಲಿನ ಮಹಡಿಯಿಂದಲೂ ಒಟ್ಟಿಗೇ ಕೇಳಿಸಿತು.

"ತುಂಬ ಅನುಕೂಲ ಆಯ್ತು ಸಾರ್, ಇನ್ಮೇಲೆ ಮೆಟ್ಟಿಲು ಇಳಿಯೋ ಹಾಗೇ ಇಲ್ಲ" ಎಂದರು ಶಿವಲಿಂಗಮ್ಮ.

ಊರ್ಮಿಳಾ ಮೊಸರಿನ ಪಾತ್ರೆ ಮುಚ್ಚಿ, ಕಪಾಟಿನ ಸೀರೆಗಳನ್ನು ಮತ್ತೆ ಬ್ಯಾಗಿಗೆ ತುಂಬತೊಡಗಿದರು. ಭೋಜರಾಜರು ಎಡಗೈಯಿಂದ ಪೆರುಂಗುಡಿಗೆ ಫೋನು ಹಚ್ಚಿದರು. ಕಚೇರಿ ಮುಚ್ಚಿತ್ತು. ನಿಶ್ಮಿತಾ ಎತ್ತಲಿಲ್ಲ. ನಡುನಡುವೆ ಬರುವ ಕರೆಗಳನ್ನು ಕತ್ತರಿಸುತ್ತ, ಆ ಹುಡುಗಿಗೂ ರಜತನಿಗೂ ಅವರಿಗೆ ಬುದ್ಧಿ ಹೇಳಿಕೊಟ್ಟ ತಮಗೂ ಸೇರಿಸಿ ಶಾಪ ಹಾಕುತ್ತ, ಅವರು ಆ್ಯಪಿನೊಳಗೆ ನುಗ್ಗಿ ಹುಡುಕಿದರು. ಕೊನೆಗೊಂದು ಪುಟದಲ್ಲಿ ತಮ್ಮದೇ ಹೆಸರು ಸಿಕ್ಕಿತು. ಕೆಳಗೆ ಒಂದೇ ಒಂದು ಗುಂಡಿ: ‘ಡಿಪ್ರೊವಿಷನ್’.

ಬೆರಳು ಗುಂಡಿಯ ಮೇಲೆ ಹೋದದ್ದು ಹಾಗೇ ನಿಂತಿತು. ಇದನ್ನು ಒತ್ತಿದರೆ ತಮ್ಮ ಹೆಸರು ಹೋಗುತ್ತದೋ, ಮನೆಯ ನೀರು ಹೋಗುತ್ತದೋ, ಗೇಟಿನಲ್ಲಿ ಊರ್ಮಿಳೆಯನ್ನೇ ಬಾಬು ತಡೆಯುತ್ತಾನೋ? ತಡೆದರೆ ಒಳ್ಳೆಯದೇ ಎಂದೂ ಒಮ್ಮೆ ಅನ್ನಿಸಿತು. ಆದರೆ ಬೆಳಗಿನಿಂದ ಅವರು ಕಂಡದ್ದು ಸಾಕಾಗಿತ್ತು. ಅರ್ಥ ತಿಳಿಯದೆ ಒತ್ತುವ ಧೈರ್ಯ ಬರಲಿಲ್ಲ. ಬ್ಯಾಗಿನ ಚಕ್ರಗಳು ಹೊಸ್ತಿಲು ದಾಟಿದ ಸದ್ದು ಕೇಳಿತು. ಭೋಜರಾಜರು ಪಕ್ಕದ ಪ್ರಶ್ನೆ ಚಿಹ್ನೆಯನ್ನು ಒತ್ತಿ, ‘ಭೋಜರಾಜ ಅಂಕಲ್‌ರನ್ನು ಕೇಳಿ’ ಎಂಬ ಸಾಲು ಎದ್ದದ್ದೇ ಫೋನನ್ನು ಕಿವಿಗೆ ಹಿಡಿದು ಕಾದರು.

ನೀವು ಕರೆ ಮಾಡಿದವರು ಬೇರೊಬ್ಬರ ಜೊತೆ ಮಾತಾಡುತ್ತಿದ್ದಾರೆ, ದಯವಿಟ್ಟು ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ ಎಂದು ಹೆಂಗಸೊಬ್ಬಳು ತಮಿಳಿನಲ್ಲಿ ವಿನಯದಿಂದ ಹೇಳಿದಳು. ಕೆಳಗೆ ಗೇಟಿನ ಹತ್ತಿರ ಊರ್ಮಿಳಾ ಬಾಬುವಿಗೆ ಆಟೋ ಕರೆಯಲು ಹೇಳುತ್ತಿದ್ದರು.