ಮಾಳಿಗೆಯ ಮೇಲೆ ಬಂದ ಅಲಮಾರಿ

ಗಾಡಿ ಒಳಗೆ ಬಾರದ ಓಣಿಯಲ್ಲಿ ಮನೆ ಮಾಡಿದವರಿಗೆ ದಿನಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ಅಲ್ಲಿ ಎಲ್ಲರೂ ನಡೆಯುತ್ತಾರೆ, ನಡೆಯುವವರು ನಿಲ್ಲುತ್ತಾರೆ, ನಿಂತವರು ಮಾತಾಡುತ್ತಾರೆ, ಅಷ್ಟು ಮಾತಾಡಿದ ಮೇಲೆ ಏನಾದರೂ ಆಗಲೇಬೇಕಲ್ಲ!

ಅಗಸಿ

ಎಂಬತ್ತರ ದಶಕದಲ್ಲಿ ನಾನು ಮಸ್ಕಿಯ ಹೈಸ್ಕೂಲಿಗೆ ಮಾಸ್ತರನಾಗಿ ಬಂದೆ. ನಮ್ಮೂರು ಜವಳಗೇರಾ. ಕಾಲುವೆ, ಭತ್ತದ ಗದ್ದೆ, ಕಣ್ಣು ಹಾಯಿಸಿದಷ್ಟೂ ಬಯಲು. ಹಳೆಯದು ಅಂತ ನಾವು ಕಂಡದ್ದೆಂದರೆ ನಮ್ಮಪ್ಪನ ಸೈಕಲ್ಲು. ಅಂಥವನು ಬಾಡಿಗೆ ಮನೆ ಹುಡುಕುತ್ತ ಬಜಾರದ ಹಿಂದಿನ ಹಳೇ ಓಣಿಗೆ ಬಂದವನು ಅಗಸಿಯ, ಅಂದರೆ ಓಣಿಯ ಹೆಬ್ಬಾಗಿಲಿನ, ಕೆಳಗೆ ನಿಂತುಬಿಟ್ಟೆ. ಆನೆ ಗಾತ್ರದ ಕಲ್ಲುಗಳು, ನಡುವೆ ಸುಣ್ಣವಿಲ್ಲ, ಗಾರೆಯಿಲ್ಲ, ಒಂದರ ಮೇಲೊಂದು ಸುಮ್ಮನೆ ಕೂತಿವೆ. ಯಾರು ಎತ್ತಿದರು, ಹೆಂಗೆ ಎತ್ತಿದರು? ಕತ್ತು ನೋಯುವ ತನಕ ನೋಡಿದೆ.

ಅಗಸಿಗೆ ಹೊಂದಿಕೊಂಡ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಮೆಂತ್ಯ ಪಲ್ಲೆ ಬಿಡಿಸುತ್ತ ಕೂತಿದ್ದಳು. ಓಣಿಯವರೆಲ್ಲ ಅವಳನ್ನು ದೊಡ್ಡವ್ವ ಅನ್ನುತ್ತಿದ್ದರು.

"ಏನಪಾ, ಹಂಗ ಬಾಯಿ ತಕ್ಕೊಂಡು ನಿಂತಿ?"

"ಅಮ್ಮಾ, ಈ ಅಗಸಿ ಎಷ್ಟು ವರ್ಷದ್ದು?"

"ನಾ ಸೊಸಿ ಆಗಿ ಬಂದಾಗೂ ಹಿಂಗ ಇತ್ತು."

"ಈ ಮನಿ?"

"ನಾ ಸೊಸಿ ಆಗಿ ಬಂದಾಗೂ ಹಿಂಗ ಇತ್ತು."

ಅವಳ ಪಕ್ಕದಲ್ಲಿ ಒಬ್ಬ ಮುದುಕ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. "ಇವ್ರು?" ಅಂದೆ.

"ನನ್ನ ಗಂಡ. ನಾ ಸೊಸಿ ಆಗಿ ಬಂದಾಗೂ ಹಿಂಗ ಇದ್ದ."

ಓಣಿಯ ಒಳತುದಿಯಲ್ಲಿ ಅವಳದೇ ಇನ್ನೊಂದು ಮನೆ ಖಾಲಿ ಇತ್ತು. ಅವತ್ತೇ ಹಿಡಿದೆ.

ಅಲಮಾರಿ

ಮುಂದೆ ಸಿಂಧನೂರಿನ ಹುಡುಗಿಯೊಂದಿಗೆ ನನ್ನ ಮದುವೆಯಾಯಿತು. ಮಾವ ಭತ್ತದ ರೈತ, ಗಟ್ಟಿ ಕುಳ. ಮಗಳಿಗೆ ಆಳೆತ್ತರದ ಕಬ್ಬಿಣದ ಅಲಮಾರಿ ಕೊಡಿಸಿ, ಸ್ವಂತ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು, ಮಗಳನ್ನೂ ಕೂಡಿಸಿಕೊಂಡು ಬಂದ. ಟ್ರ್ಯಾಕ್ಟರ್ ಅಗಸಿಯ ಮುಂದೆ ನಿಂತಿತು. ಮುಂದೆ ಹೋಗಲು ದಾರಿಯಿಲ್ಲ.

ಅಲಮಾರಿಯನ್ನು ಹೊತ್ತು ತಂದೆವು. ಓಣಿಯ ನಡುವೆ ಒಬ್ಬ ಟೇಲರ್ ಇದ್ದ, ಅವನ ಮನೆಯ ಮುಂದಿನ ತಿರುವಿನಲ್ಲಿ ಎರಡೂ ಕಡೆ ಕಟ್ಟೆ. ಅಲ್ಲಿ ಅದು ಸಿಕ್ಕಿಬಿತ್ತು. ನೆಟ್ಟಗೆ ಹಿಡಿದೆವು, ಅಡ್ಡ ಹಿಡಿದೆವು, ಜಪ್ಪಯ್ಯ ಅನ್ನಲಿಲ್ಲ. ಮಾವನ ಮುಖ ಕೆಂಪಾಯಿತು. ಕಟ್ಟೆಯ ಮೇಲಿಂದ ದೊಡ್ಡವ್ವ ಕೂಗಿದಳು, "ಮ್ಯಾಲೆ ಹತ್ತಸ್ರೋ! ದೊಡ್ಡ ಸಾಮಾನು ಬರೂ ಹಾದಿ ಅದ!"

ನಮ್ಮ ಓಣಿಯ ಮನೆಗಳೆಲ್ಲ ಗೋಡೆಗೆ ಗೋಡೆ ಅಂಟಿಕೊಂಡವು, ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಕೂಡಿದವು. ಕೆಳಗೆ ಸಂದಿಯಾದರೂ ಮೇಲೆ ಬಯಲು. ಹಗ್ಗ ಕಟ್ಟಿ ದೊಡ್ಡವ್ವನ ಮಾಳಿಗೆಗೆ ಎಳೆದುಕೊಂಡು, ಅಲ್ಲಿಂದ ಮನೆ ಮನೆಯ ಮೇಲೆ ಹಾಯಿಸುತ್ತ ಹೊರಟೆವು. ಸಿಂಧನೂರಿನ ಮಾವ ಧೋತರ ಎತ್ತಿ ಕಟ್ಟಿ, ಒಣಹಾಕಿದ ಸಂಡಿಗೆ ತುಳಿಯದ ಹಾಗೆ ಕಾಲಿಡುತ್ತ, ಗಾಬರಿಯಿಂದ ಅಲಮಾರಿಯ ಪಕ್ಕದಲ್ಲೇ ನಡೆದ. ಆದರೆ ಹೊಸ ಸಾಮಾನು ಮನೆಯ ಮೇಲೆ ಹಾದು ಹೋಗುವಾಗ ಬರಿಗೈಲಿ ಕಳಿಸಬಾರದಂತೆ. ಒಂದೊಂದು ಮಾಳಿಗೆಯ ಮೇಲೂ ಆ ಮನೆಯ ಹೆಣ್ಣುಮಕ್ಕಳು ಹತ್ತಿ ಬಂದು ಅಲಮಾರಿಗೆ ಅರಿಷಿಣ ಕುಂಕುಮ ಹಚ್ಚಿದರು, ಹೊತ್ತವರಿಗೆ ಚಹಾ ಕೊಟ್ಟರು. ಕೊನೆಗೆ ನಮ್ಮ ಅಂಗಳಕ್ಕೆ ಇಳಿಸುವ ಹೊತ್ತಿಗೆ ಅದರ ಬಣ್ಣ ಯಾವುದೆಂದು ಹೇಳುವ ಹಾಗಿರಲಿಲ್ಲ.

ಮಾವ ಬೆವರೊರೆಸಿಕೊಂಡು ತೀರ್ಪು ಕೊಟ್ಟ. "ಅಳಿಯಂದ್ರ, ಇದು ಮನಿ ಅಲ್ಲ, ಇಲಿ ಬಿಲ. ಸಿಂಧನೂರಾಗ ಹೊಸಾ ಮನಿ ಕಟ್ಟಸ್ತೀನಿ. ಟ್ರ್ಯಾಕ್ಟರ್ ಬಾಗಲಮಟ ಬರ್ತೈತಿ. ಮುಂದಿನ ಯುಗಾದಿಮಟ ಇಲ್ಲಿರ್ರಿ, ಆಮ್ಯಾಲೆ ಅಲ್ಲಿಂದ ಬಸ್ಸಿಗೆ ಸಾಲಿಗೆ ಬರ್ರಿ."

ಹೆಂಡತಿ ಹೂಂ ಅಂತ ತಲೆಯಾಡಿಸಿದಳು. ಹೊಸ ಮಾವನಿಗೆ ಎದುರಾಡುವಷ್ಟು ಎದೆ ನನಗಿರಲಿಲ್ಲ. ಕೈಗೆ ಬಂದ ಓಣಿ ಹೋಯಿತಲ್ಲ ಅಂದುಕೊಂಡೆ. ಅಷ್ಟರಲ್ಲಿ ಬಾಗಿಲಲ್ಲಿ ಹೆಂಗಸರ ದಂಡು. ಮುಂದೆ ದೊಡ್ಡವ್ವ.

"ಮಾಸ್ತರ, ಅಲಮಾರಿ ನೋಡಿದ್ವಿ, ಭಾಳ ಚೊಲೋ ಐತಿ. ಇನ್ನ ಹೆಂಡ್ತಿನ ತೋರ್ಸು."

ಗವಾಕ್ಷಿ

ನಮ್ಮ ಅಡುಗೆಮನೆಗೆ ಕಿಟಕಿ ಇರಲಿಲ್ಲ, ಮಾಳಿಗೆಯಲ್ಲಿ ಒಂದು ಗವಾಕ್ಷಿ ಇತ್ತು, ಅಂದರೆ ಬೆಳಕಿಗೆ ಬಿಟ್ಟ ತೂತು. ನಡುಹಗಲು ಅದರೊಳಗಿಂದ ಬಿಸಿಲಿನ ಕೋಲು ನೆಟ್ಟಗೆ ಒಲೆಯ ಪಕ್ಕಕ್ಕೆ ಇಳಿಯುತ್ತಿತ್ತು. ಹೊರಗೆ ಕಾದ ಹಂಚಿನಂಥ ಬಿಸಿಲು, ಒಳಗೆ ಕೊಡದ ನೀರಿನಂಥ ತಂಪು. ಗೋಡೆಯ ದಪ್ಪಕ್ಕೆ ಒಬ್ಬ ಮನುಷ್ಯ ಅಡ್ಡ ಮಲಗಬಹುದಿತ್ತು. ಇದನ್ನೆಲ್ಲ ಯಾರು ಯೋಚಿಸಿ ಕಟ್ಟಿದರೋ ಪುಣ್ಯಾತ್ಮರು ಅಂತ ನಾನು ದಿನವೂ ಬೆರಗಾಗುತ್ತಿದ್ದೆ. ಹೆಂಡತಿ ಮಾತ್ರ "ಕತ್ತಲಿ" ಅನ್ನುತ್ತಿದ್ದಳು.

ಬಂದ ಹೊಸತರಲ್ಲಿ ಒಂದು ದಿನ ನಾನು ಶಾಲೆಯಿಂದ ಊಟಕ್ಕೆ ಬಂದರೆ ಅವಳು ಒಲೆಯ ಮುಂದೆ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಾಳೆ.

"ಏನಾತು?"

"ಶ್! ದೇವರು ಮಾತಾಡಿದ್ನರಿ. ಮ್ಯಾಲಿಂದ ಸೀದಾ ನನ್ನ ಹೆಸರು ಹಿಡಿದು ಕರೆದ."

"ಏನಂದ?"

"ಉರಿ ಸಣ್ಣ ಮಾಡು, ಬ್ಯಾಳಿ ತಳ ಹಿಡ್ಯಾಕತ್ತೈತಿ ಅಂದ."

ನಾನು ತಲೆ ಎತ್ತಿದೆ. ಗವಾಕ್ಷಿಯ ತುಂಬ ದೊಡ್ಡವ್ವನ ಮುಖ. ಶ್ಯಾವಿಗೆ ಒಣಗಿಸಲು ಮಾಳಿಗೆಗಳ ಮೇಲೆ ಹಾದು ಬಂದಿದ್ದವಳು ಅಲ್ಲೇ ಕೂತು ಕಾಯುತ್ತಿದ್ದಳು. "ಮಾಸ್ತರ, ಕೈಮುಗಿಯೂದು ಆಮ್ಯಾಲೆ, ಮೊದಲು ಉಪ್ಪು ಹಾಕಾಕ ಹೇಳು!"

ಉಪ್ಪು

ಉಪ್ಪು ಇರಲಿಲ್ಲ. ಬಜಾರ ನಮ್ಮ ಮನೆಯಿಂದ ಕೂಗಳತೆ. ಆದರೆ ನಮ್ಮ ಓಣಿಯಲ್ಲಿ ಒಂದು ಪದ್ಧತಿ ಇತ್ತು: ಕಟ್ಟೆಯ ಮೇಲೆ ಕೂತವರು "ಎತ್ತಾಗ ಹೊಂಟ್ರಿ?" ಅಂತ ಕೇಳಲೇಬೇಕು, ನಡೆಯುವವರು ನಿಂತು ಹೇಳಲೇಬೇಕು. ಹೇಳದೆ ಹೋದರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂತ ಸಂಜೆಗೆ ನೋಡಲು ಬರುತ್ತಿದ್ದರು. ನಾನು ಅವತ್ತು ಉಪ್ಪು ತಂದಾಗ ಬೇಳೆ ಆರಿ ತಣ್ಣಗಾಗಿತ್ತು. ಹೆಂಡತಿ ಸಿಡಿಮಿಡಿಗೊಂಡಳು. "ನೀವು ಗಂಡಸ್ರು ಹರಟಿಮಲ್ಲರು. ಇನ್ನ ಮುಂದ ಬಜಾರಕ್ಕ ನಾನ ಹೋಗ್ತೀನಿ. ಹಿಂಗ ಹೋಗಿ ಹಿಂಗ ಬರ್ತೀನಿ, ನೋಡ್ತಾ ಇರ್ರಿ."

ಮುಂದಿನ ಸಲ ಉಪ್ಪು ಮುಗಿದದ್ದು ಒಂದು ರವಿವಾರ. ಬೆಳಿಗ್ಗೆ ಹೋದವಳು ಊಟದ ಹೊತ್ತಾದರೂ ಇಲ್ಲ. ನಾನು ಗಾಬರಿಯಾಗಿ ಚಪ್ಪಲಿ ಮೆಟ್ಟುವಷ್ಟರಲ್ಲಿ ನಗುತ್ತ ಬಂದಳು. ತಲೆಯಲ್ಲಿ ಯಾರೋ ಮುಡಿಸಿದ ಮಲ್ಲಿಗೆ. ಉಡಿಯಲ್ಲಿ ಒಂದು ಮನೆಯ ಶೇಂಗಾ ಉಂಡಿ. ಕೈಯಲ್ಲಿ ಇನ್ನೊಂದು ಮನೆಯ ಗುರೆಳ್ಳು ಚಟ್ನಿ. ಟೇಲರ್ ಹೆಂಡತಿಗೆ ಕುಪ್ಪಸದ ಅಳತೆ ಕೊಟ್ಟು, ಯಾರದೋ ಕೂಸಿಗೆ ಹೆಸರೂ ಇಟ್ಟು ಬಂದಿದ್ದಳು.

"ಉಪ್ಪು?" ಅಂದೆ.

ಅವಳು ಬಾಯಿಗೆ ಸೆರಗು ಮುಚ್ಚಿಕೊಂಡಳು. ಆಮೇಲೆ ಗತ್ತಿನಿಂದ ಹೇಳಿದಳು, "ದೊಡ್ಡವ್ವನ ಮನ್ಯಾಗ ಒಂದು ಬಟ್ಟಲ ಇಸ್ಕೊಂಡು ಬರ್ರಿ. ಹಾದ್ಯಾಗ ಯಾರ ಜೋಡಿನೂ ಮಾತಾಡಬ್ಯಾಡ್ರಿ ಮತ್ತ."

ಶಾಸನ

ಮಸ್ಕಿಯ ಗುಡ್ಡದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಚಕ್ರವರ್ತಿಯ ಶಾಸನವಿದೆ. ನಮ್ಮ ಮನೆಯಿಂದ ಚಪ್ಪಲಿ ಮೆಟ್ಟಿದರೆ ಶಾಸನ, ಈ ಕಡೆ ತಿರುಗಿದರೆ ಜಿಲೇಬಿ ಅಂಗಡಿ. ಇಂಥ ಭಾಗ್ಯ ಯಾವ ಪಟ್ಟಣದವನಿಗೆ ಉಂಟು? ಮೊದಲ ಸಲ ಹೆಂಡತಿಯನ್ನು ಕರೆದೊಯ್ದು ತೋರಿಸಿದಾಗ ಅವಳು ಬಹಳ ಹೊತ್ತು ಆ ಬಂಡೆಯನ್ನು ನೋಡಿ ಮೆಲ್ಲಗೆ ಕೇಳಿದ್ದಳು, "ಅಷ್ಟು ದೊಡ್ಡ ರಾಜ, ಅಷ್ಟು ದೂರದಿಂದ, ನಮ್ಮ ಮಸ್ಕಿಯವರಿಗೆ ಹೇಳಿ ಕಳಿಸ್ಯಾನೇನ್ರಿ?" ಅವಳು 'ನಮ್ಮ ಮಸ್ಕಿ' ಅಂದದ್ದು ನನಗೆ ಆವಾಗ ಹೊಳೆಯಲೇ ಇಲ್ಲ.

ಆ ಚಳಿಗಾಲದಲ್ಲಿ ಶಾಸನ ನೋಡಲು ಬಂದ ಪಟ್ಟಣದ ಕೆಲವರು ಕೊರಳಲ್ಲಿ ಕ್ಯಾಮೆರಾ ಹಾಕಿಕೊಂಡು ದಾರಿ ತಪ್ಪಿ ನಮ್ಮ ಓಣಿ ಹೊಕ್ಕರು. ನಮ್ಮ ಹೆಂಗಸರು ಬಿಟ್ಟಾರೆಯೇ? "ಎತ್ತಾಗ ಹೊಂಟ್ರಿ?" ಅಂತ ಶುರುಮಾಡಿ ಎಲ್ಲರನ್ನೂ ಕೂಡಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಉಣ್ಣಿಸಿದರು. ಅವರಲ್ಲಿ ಒಬ್ಬ ದೊಡ್ಡ ಮನುಷ್ಯ ಕೈ ತೊಳೆದುಕೊಂಡು ಅಗಸಿಯನ್ನು ನೋಡುತ್ತ ನಿಂತ, ನಾನು ಮೊದಲ ದಿನ ನಿಂತ ಹಾಗೆಯೇ. ಕೊಡ ಹೊತ್ತು ಬರುತ್ತಿದ್ದ ನನ್ನ ಹೆಂಡತಿಯನ್ನು ಕೇಳಿದ, "ಅಮ್ಮಾ, ಇದು ಎಷ್ಟು ವರ್ಷದ್ದು?"

ಅವಳು ಕೊಡವನ್ನು ಸೊಂಟಕ್ಕೆ ಬದಲಿಸಿದಳು. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

"ನಾ ಸೊಸಿ ಆಗಿ ಬಂದಾಗೂ ಹಿಂಗ ಇತ್ರೀ."

ಗೋಡೆ

ಯುಗಾದಿ ಬಂದೇ ಬಂತು. ಸಿಂಧನೂರಿನ ಮನೆ ಮುಗಿದಿತ್ತು. ಹೆಂಡತಿ ಏನೂ ಅನ್ನಲಿಲ್ಲ, ನಾನೂ ಕೇಳಲಿಲ್ಲ. 'ಹೋಗೋಣ' ಅಂದುಬಿಟ್ಟರೆ ಎಂಬ ಹೆದರಿಕೆ. ಅದರ ಮೇಲೆ ಆ ವಾರವೆಲ್ಲ ಪರೀಕ್ಷೆಯ ಕೆಲಸಕ್ಕೆ ಲಿಂಗಸುಗೂರಿನಲ್ಲಿದ್ದೆ. ನಾನು ಬೆಳಗಿನ ಬಸ್ಸಿಗೆ ವಾಪಸು ಬಂದ ದಿನವೇ ಮಾವ ಟ್ರ್ಯಾಕ್ಟರ್ ತಂದು ಅಗಸಿಯ ಮುಂದೆ ನಿಲ್ಲಿಸಿದ.

ಓಣಿಗೆ ಓಣಿಯೇ ನೆರೆಯಿತು. ಅವತ್ತು ಒಬ್ಬರೂ "ಎತ್ತಾಗ ಹೊಂಟ್ರಿ?" ಅಂತ ಕೇಳಲಿಲ್ಲ. ಪಾತ್ರೆ, ಹಾಸಿಗೆ, ನನ್ನ ಪುಸ್ತಕ ಕೈಯಿಂದ ಕೈಗೆ ದಾಟಿ ಟ್ರಾಲಿ ಸೇರಿದವು. ನನಗೆ ಅಗಸಿಯ ಕಡೆ ನೋಡಲಾಗಲಿಲ್ಲ. ಕೊನೆಗೆ ಅಲಮಾರಿ ಉಳಿಯಿತು. ಹಗ್ಗ ಬಿಗಿದು ಅಂಗಳದಿಂದ ಮಾಳಿಗೆಗೆ ಎತ್ತಿ, ಬಂದ ಹಾದಿಯಲ್ಲೇ ಹೊರಟೆವು. ಮಾವ ಮುಂದೆ, ನಾವು ಹಿಂದೆ.

ಟೇಲರ್ ಮಾಳಿಗೆಯ ಮೇಲೆ ಮಾವ ಗಕ್ಕನೆ ನಿಂತ. ಎದುರಿಗೆ ಎದೆಯುದ್ದದ ಗೋಡೆ. ಈ ತುದಿಯಿಂದ ಆ ತುದಿಗೆ, ಸಂದಿಯಿಲ್ಲದೆ, ಕಲ್ಲು ಮಣ್ಣಿನ ಗೋಡೆ.

"ಇದೇನಿದು?" ಅಂದ ಮಾವ.

"ಮ್ಯಾಲೊಂದು ಖೋಲಿ ಕಟ್ಟಾಕತ್ತೀನ್ರಿ" ಅಂದ ಟೇಲರ್, ನೆಲ ನೋಡುತ್ತ. "ತಂಗಿ ಹೊಂಟಾಳಂದ್ರ ಕೆಡವಿ ಹಾದಿ ಮಾಡ್ತೀನಿ ತಗೋರಿ."

"ಬ್ಯಾಡಣ್ಣ!" ನನ್ನ ಹೆಂಡತಿ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. "ಹಬ್ಬದಾಗ ಕಟ್ಟಿದ ಗ್ವಾಡಿ ಕೆಡವಬಾರದು."

"ಹಂಗಾರ ಅಲಮಾರಿ ಇಲ್ಲೇ ಬಿಡವ್ವ. ಬ್ಯಾರೆ ಕೊಡಸ್ತೀನಿ" ಅಂದ ಮಾವ.

"ತವರುಮನಿ ಕೊಟ್ಟದ್ದು ಬಿಟ್ಟು ಹೆಂಗ ಬರ್ಲಿ ಯಪ್ಪಾ? ನೀನ ಅದರ ಜೋಡಿ ನಡಕೋತ ತಂದಿಟ್ಟೀದಿ." ಅವಳ ಕಣ್ಣಲ್ಲಿ ನೀರು. ಅದು ನಿಜವಾದ ನೀರೇ. ಮಗಳಿಗೆಂದೇ ಮನೆ ಕಟ್ಟಿಸಿದ ಅಪ್ಪನ ಮುಖಕ್ಕೆ ಮುಖ ಕೊಟ್ಟು 'ನಾ ಬರೂದಿಲ್ಲ' ಅನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಮಾವ ಗೋಡೆಯ ಮೇಲೆ ಅಂಗೈ ಊರಿ ಯೋಚಿಸುತ್ತ ನಿಂತ. ಕೈ ತೆಗೆದರೆ ಅಂಗೈ ತುಂಬ ಹಸಿ ಮಣ್ಣು. ಅವನು ಮಣ್ಣನ್ನು ನೋಡಿಕೊಂಡ. ಆಮೇಲೆ ಮಗಳ ಕೈ ನೋಡಿದ. ಅವಳ ಹಸಿರು ಬಳೆಗಳ ಸಂದಿಯಲ್ಲಿ, ಉಗುರಿನಲ್ಲಿ, ಅದೇ ಮಣ್ಣು. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಗ ನನಗೂ ತಿಳಿಯಿತು. ನಾನು ಲಿಂಗಸುಗೂರಿನಲ್ಲಿದ್ದಾಗ ಈ ಓಣಿಯಲ್ಲಿ ಯಾರು ಯಾರು ಕಲ್ಲು ಹೊತ್ತಿದ್ದಾರೆ, ಯಾರು ಮಣ್ಣು ಕಲಸಿದ್ದಾರೆ ಅಂತ. ಸುತ್ತಲಿನ ಮಾಳಿಗೆಗಳ ಮೇಲೆ ನಿಂತ ಹೆಂಗಸರೆಲ್ಲ ಒಮ್ಮೆಲೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ನನಗೆ ಅಳು ಬಂತೋ ನಗು ಬಂತೋ, ಇವತ್ತಿಗೂ ಹೇಳಲಾರೆ.

ಮಾವ ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಕೇಳಿದ, "ಈ ಗ್ವಾಡಿ ಯಾವಾಗ ಕಟ್ಟಿದ್ದು?"

ಹಿಂದಿನಿಂದ ದೊಡ್ಡವ್ವ ಕೋಲೂರಿಕೊಂಡು ಮುಂದೆ ಬಂದಳು. ಗೋಡೆಯಿಂದ ಇನ್ನೂ ನೀರು ಜಿನುಗುತ್ತಿತ್ತು. ಅದನ್ನು ಮೇಲಿಂದ ಕೆಳಗೆ ನೋಡಿ, ಕಣ್ಣು ಪಿಳುಕಿಸದೆ ಹೇಳಿದಳು:

"ನಾ ಸೊಸಿ ಆಗಿ ಬಂದಾಗೂ ಹಿಂಗ ಇತ್ತು ನೋಡ್ರಿ ಬೀಗರ."

ಇದೇ ಮಾಳಿಗೆಯ ಮೇಲೆ, ಇದೇ ಜಾಗದಲ್ಲಿ, ಅಲಮಾರಿಯ ಜೊತೆ ನಡೆದು ಹೋಗಿದ್ದ ಮಾವ ಅವಳ ಮುಖವನ್ನೇ ನೋಡಿದ. ಆಮೇಲೆ ಅಂಗೈ ಮಣ್ಣನ್ನು ಧೋತರಕ್ಕೆ ಒರೆಸಿಕೊಂಡು, ಅಲಮಾರಿ ಹೊತ್ತವರಿಗೆ ಹಿಂದಕ್ಕೆ ತಿರುಗಲು ಕೈಮಾಡಿದ.

"ಹೌದು ಬಿಡ್ರಿ, ಹಳೇ ಗ್ವಾಡಿ. ನಾ ಬಂದಾಗೂ ಇತ್ತು. ಅವತ್ತು ಜಿಗಿದು ಹೋಗಿದ್ವಿ."