ಈ ಸೆಟ್ ವಾಪಸ್ ಒಯ್ರಿ

ರಾಯಚೂರಾಗ ನಂದೊಂದು ಸಣ್ಣ ಅಂಗಡಿ ಅದ. ಮಂದಿ ಮನಿಗೆ ಹೋಗಿ ಸರೌಂಡ್ ಸೌಂಡ್ ಕುಂದ್ರಸೋದು ನನ್ನ ಕೆಲಸ. ಮುಂದ ಮೂರು ಸ್ಪೀಕರ್, ಹಿಂದ ಎರಡು, ಮೂಲ್ಯಾಗ ಧಡಂ ಅನ್ನೋ ಸಬ್‌ವೂಫರ್ ಡಬ್ಬಿ. ಡಬ್ಬಿ ಕುಂತ ಮ್ಯಾಲ ಮನಿ ಮಂದಿ ಮಾತ್ರ ಸುಮ್ಮ ಕುಂದ್ರಂಗಿಲ್ಲ. ಫೋನ್ ಬಂತಂದ್ರ ಚೀಲ ಹೆಗಲಿಗೆ ಹಾಕ್ಕೊಂಡು ಓಡ್ತೀನಿ. ಒಂದು ಸೆಟ್ ವಾಪಸ್ ಬಂದ್ರ ಸಾಕು, ಸುದ್ದಿ ಊರೆಲ್ಲಾ ಹಬ್ಬಿ ಅಂಗಡಿ ಕಡಿ ನೊಣಾನೂ ಹಾಯಂಗಿಲ್ಲ.

ಮಾವ ಬಂದ್ರು

ರೈಸ್ ಮಿಲ್ಲಿನ ಸಾಹುಕಾರ್ರು ಸೆಟ್ ಹಾಕಿಸ್ಕೊಂಡ ಮರುದಿನಾನ ಫೋನ್ ಮಾಡಿದ್ರು. "ಹಿಂದಿನ ಸ್ಪೀಕರ್ ಕಿತ್ತಗೊಂಡು ಹೋಗ್ರಿ." ಓಡಿ ಹೋದೆ.

"ಸಿನಿಮಾದಾಗ ಯಾರರ ಬಾಗಲಾ ತಗದ್ರ ಸಪ್ಪಳ ಹಿಂದ ಆಗ್ತದ. ಮಾವ ಬಂದ್ರು ಅಂತ ನಮ್ಮ ಸೊಸಿ ಸೆರಗು ಹೊತ್ಕೊಂಡು ಎದ್ದು ನಿಂದರ್ತಾಳ. ನಿನ್ನಿ ಸಿನಿಮಾ ಮುಗಿಯೋತನ ಇದ ಆತು."

"ಸಾಹುಕಾರ್ರ, ಮಾವ ಅಂದ್ರ ನೀವ ಅಲ್ಲೇನ್ರಿ? ನೀವು ಆಕಿ ಮುಂದ ಕುಂತ್ರ ಆತಲ್ರಿ."

ಸಾಹುಕಾರ್ರು ಅತ್ತಿತ್ತ ನೋಡಿ ದನಿ ಇಳಿಸಿದ್ರು. "ನಾನೆಲ್ಲಿ ಕುಂದ್ರಲಿ? ನಮ್ಮಪ್ಪನೂ ಮನ್ಯಾಗ ಅದಾರ. ಸಪ್ಪಳಾದ್ರ ನಾನೂ ಏಳ್ತೀನಿ."

ಹಿಂದಿನ ಸ್ಪೀಕರ್ ಎರಡೂ ಟಿವಿ ಬಾಜೂಕ ಬಂದ್ವು. ಸೆಟ್ ಉಳೀತು.

ಕೆಂಪು ದೀಪ

ಮಾನ್ವಿ ಕಡಿ ಒಂದು ಭಜನಿ ಮಂಡಳಿಗೆ ಆಡಿಯೋ ಇಂಟರ್‌ಫೇಸ್ ಹಾಕಿದೆ, ಮೈಕಿನ ದನಿ ಕಂಪ್ಯೂಟರಿಗೆ ಇಳಿಸೋದು. ಒಂದೊಂದು ಮೈಕಿಗೆ ಒಂದೊಂದು ದೀಪ. ಹಸರಿದ್ರ ಛಲೋ, ಕೆಂಪಾದ್ರ ದನಿ ಒಡೀತದ ಅಂತ ಎಲ್ಲಾರಿಗೂ ತಿಳಿಸಿ ಹೇಳಿದೆ.

ಹಾಡು ಸುರು ಆತು. ತಬಲಾದವನ ದೀಪ ಒಮ್ಮಿ ಕೆಂಪಾತು. ಮುಂದ ಹಾಡೋ ಹಿರಿಯರು ಹಾಡೇ ನಿಂದರಿಸಿದ್ರು. "ನಂದ್ಯಾಕ ಆಗವಲ್ದು? ಸೆಟ್ ಸರಿ ಇಲ್ಲ, ವಾಪಸ್ ಒಯ್ಯಿ."

"ಯಪ್ಪಾ, ಕೆಂಪಾದ್ರ ತಪ್ಪು ರೀ."

"ಮಂಡಳಿ ನಡಸೋನು ನಾನು. ತಪ್ಪಾದ್ರೂ ಮೊದಲ ನಂದಾಗಬೇಕು."

ಅವ್ವನ ಸೊಂಟ

ದೇವದುರ್ಗದ ಒಬ್ಬ ಮಾಸ್ತರ್ರಿಗೆ ಹೆಣ್ಣು ಗೊತ್ತಾಗಿತ್ತು. ಅವರ ಫೋನ್ ಬಂತು. "ಧಡಂ ಅನ್ನೋ ಬಾಸ್ ಸಪ್ಪಳ ಬರವಲ್ದು. ಮಧ್ಯಾಹ್ನ ಹುಡುಗಿ ಕಡ್ಯಾರು ಮನಿ ನೋಡಾಕ ಬರ್ತಾರ. ಅಷ್ಟರಾಗ ಸರಿ ಮಾಡ್ರಿ, ಇಲ್ಲಂದ್ರ ಈ ಸೆಟ್ ವಾಪಸ್ ಒಯ್ರಿ!"

ಹೋಗಿ ನೋಡಿದ್ರ ಮೂಲ್ಯಾಗ ಡಬ್ಬೀನ ಇಲ್ಲ. ವೈರ್ ಹಿಡಕೊಂಡು ಹೊಂಟೆ. ಪಡಸಾಲ್ಯಾಗ ಡಬ್ಬಿ, ಡಬ್ಬಿ ಮ್ಯಾಲ ಕೌದಿ, ಕೌದಿ ಮ್ಯಾಲ ಮಾಸ್ತರ್ರ ಅವ್ವ.

"ಯವ್ವಾ, ಇದು ಕುಂದ್ರೋದಲ್ರಿ."

"ಸುಮ್ಮಿರೋ ಮಗಾ. ಸೀರಿಯಲ್‌ನ್ಯಾಗ ಅತ್ತಿ ಸೊಸಿ ಜಗಳ ಬಿದ್ರ ಇದು ಗದಗದ ನಡಗತದ. ಹಿಡಕೊಂಡ ಸೊಂಟ ಸಡ್ಲ ಆಗ್ಯಾದ."

ಮಾಸ್ತರ್ರು ಕೈ ಮುಗದ್ರು, ಅವ್ವ ಏಳಲಿಲ್ಲ. ಅಷ್ಟರಾಗ ಹುಡುಗಿ ಕಡ್ಯಾರು ಬಂದೇ ಬಿಟ್ರು. ಮಾಸ್ತರ್ರ ಮಾರಿ ಸುಣ್ಣ ಬಡದಂಗಾತು. ಇವರ ಸಂಬಂಧ, ನನ್ನ ಸೆಟ್, ಎರಡೂ ಹೋದ್ವು ಅಂತ ನಾನು ಗ್ವಾಡಿಗೆ ಬೆನ್ನು ಹಚ್ಚಿ ನಿಂತೆ.

ಹುಡುಗಿ ತಾಯಿ ಟಿವಿ ಕಡಿ ನೋಡಲೇ ಇಲ್ಲ. "ಏನ್ರೀ ಅದು?" ಅಂದ್ರು. ಅವ್ವ ಡಬ್ಬಿ ಗುಣ ಹೇಳಿ ತುಸು ಸರದು ಜಾಗಾ ಕೊಟ್ರು. ಗಂಡಸ್ರು ಚಾ ಕುಡದು ಚಪ್ಪಲಿ ಹಾಕ್ಕೊಂಡು ನಿಂತ್ರೂ ಇಬ್ರೂ ಏಳಲಿಲ್ಲ. ಅಲ್ಲೇ ಕುಂತು ಮದಿವಿ ಮಾತು ಮುಗಿಸಿದ್ರು.

ಆಮ್ಯಾಲ ಹುಡುಗಿ ತಾಯಿ ನನ್ನ ಕರದ್ರು. "ನಮ್ಮನಿಗೂ ಒಂದು ಹಾಕ್ರಿ. ಆ ಸಣ್ಣ ಸ್ಪೀಕರ್ ಏನೂ ಬ್ಯಾಡ, ಕುಂದ್ರೋದು ಒಂದ ಸಾಕು. ತುಸು ಅಗಲಂದು ನೋಡ್ರಿ, ನಮ್ಮ ಯಜಮಾನ್ರಿಗೂ ಸೊಂಟ ನೋವದ."